ಮರಳಿ ಬಂದ ಪೆಡಲ್: ಚಾರ್ಮಾಡಿ ಇಳಿಜಾರಿನಲ್ಲಿ ಸಣ್ಣ ಕಾರಿನ ಬ್ರೇಕ್ ಹೋದ ಬಗೆ

ಬ್ರೇಕ್ ಪೆಡಲ್ ನೆಲ ಮುಟ್ಟಿತು, ಕಾರು ನಿಲ್ಲಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಒತ್ತಿ ನೋಡಿದರೆ ಪೆಡಲ್ ಎಂದಿನ ಹಾಗೆ ಗಟ್ಟಿಯಾಗಿದೆ. ಮರುದಿನ ಗ್ಯಾರೇಜಿನಲ್ಲಿ ಒಂದು ಸುತ್ತು ಓಡಿಸಿ ಬಂದ ಮೆಕ್ಯಾನಿಕ್ ಹೇಳುವುದು ಇಷ್ಟೇ: "ಬ್ರೇಕ್ ಸರಿಯೇ ಉಂಟಲ್ಲ ಮಾರಾಯ್ರೆ, ಎಲ್ಲಿಯೂ ಲೀಕ್ ಇಲ್ಲ." ಬ್ರೇಕ್ ಆಯಿಲಿನ (ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಒಯ್ಯುವ ದ್ರವ) ಡಬ್ಬಿಗೆ ಒಂದಿಷ್ಟು ಸುರಿದು ಕಾರನ್ನು ಹಿಂದಿರುಗಿಸುತ್ತಾರೆ. ಓಡಿಸಿದವರಿಗೆ ತಾವೇ ತಪ್ಪು ಒತ್ತಿದೆವೇನೋ ಎಂಬ ಅನುಮಾನ ಉಳಿದುಬಿಡುತ್ತದೆ.

ಘಾಟಿ ಇಳಿಯುವ ಸಣ್ಣ ಕಾರುಗಳಲ್ಲಿ ಮತ್ತೆ ಮತ್ತೆ ಕಾಣುವ ಈ ಸ್ಥಿತಿಯನ್ನು ಇಲ್ಲಿ ಒಂದೇ ಕಾರು, ಒಂದೇ ಪ್ರಯಾಣದ ಮೇಲಿಟ್ಟು ಬಿಡಿಸಿದೆ. ಯಾವುದೇ ಒಬ್ಬರ, ಒಂದು ಕಂಪನಿಯ ಕಥೆ ಇದಲ್ಲ. ಪೆಡಲ್ ಮರಳಿ ಬಂತೆಂದರೆ ರೋಗ ಇರಲಿಲ್ಲ ಎಂದು ಅರ್ಥವಲ್ಲ. ರೋಗ ಯಾವುದೆಂದು ಹೇಳುವ ಮುಖ್ಯ ಕುರುಹೇ ಅದು. ಆ ಕುರುಹನ್ನು ಓದದೆ ಕಾರನ್ನು ಮರಳಿ ರಸ್ತೆಗೆ ಬಿಟ್ಟರೆ ಮುಂದಿನ ಘಾಟಿಯಲ್ಲಿ ಅದೇ ಆಗುತ್ತದೆ.

ಕಾರು, ಹೊರೆ, ದಾರಿ

1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಮ್ಯಾನುಯಲ್ ಗೇರಿನ ಹ್ಯಾಚ್‌ಬ್ಯಾಕ್. ವಯಸ್ಸು 6 ವರ್ಷ, ಓಡಿದ್ದು 58,000 ಕಿ.ಮೀ. ಮುಂದೆ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಪ್ಯಾಡುಗಳು ಹಿಡಿಯುತ್ತವೆ), ಹಿಂದೆ ಡ್ರಮ್ (ತಿರುಗುವ ಬಟ್ಟಲಿನ ಒಳಮೈಗೆ ಶೂಗಳು ಒತ್ತುತ್ತವೆ), ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಇದೆ. ಮನೆ ಮಂಗಳೂರಿನ ಕಡೆ, ಅಂದರೆ ವರ್ಷದ ನಾಲ್ಕು ತಿಂಗಳು ಮಳೆ, ಉಳಿದ ತಿಂಗಳೂ ಒದ್ದೆ ಗಾಳಿ. ಸರ್ವಿಸ್ ಪುಸ್ತಕದಲ್ಲಿ ಎಂಜಿನ್ ಆಯಿಲ್, ಫಿಲ್ಟರ್, ಒಂದು ಬಾರಿ ಮುಂದಿನ ಪ್ಯಾಡ್ ಬದಲಾಯಿಸಿದ್ದು ಎಲ್ಲವೂ ಇದೆ. ಬ್ರೇಕ್ ಆಯಿಲ್ ಎದುರು "ಚೆಕ್ಡ್" ಎಂಬ ಟಿಕ್ ಮಾತ್ರ. ಟಿಕ್ ಹಾಕಿದವರು ನೋಡಿದ್ದು ಮಟ್ಟವನ್ನು. ಆಯಿಲನ್ನು ಆರು ವರ್ಷದಲ್ಲಿ ಒಮ್ಮೆಯೂ ಬದಲಾಯಿಸಿಲ್ಲ.

ದಸರಾ ರಜೆ ಮುಗಿಸಿ ಚಿಕ್ಕಮಗಳೂರಿನಿಂದ ಊರಿಗೆ ವಾಪಸು. ಐದು ಮಂದಿ, ಡಿಕ್ಕಿ ತುಂಬ ಸಾಮಾನು. ಕಾರಿನದು ಸುಮಾರು 900 ಕಿಲೋ, ಜನ ಮತ್ತು ಸಾಮಾನು 350 ಕಿಲೋ, ಒಟ್ಟು 1,250 ಕಿಲೋ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಚಾರ್ಮಾಡಿ ಇಳಿಯತೊಡಗಿದರು. ಹೇರ್‌ಪಿನ್ ತಿರುವುಗಳು, ಕಿರಿದಾದ ರಸ್ತೆ, ಎದುರಿನಿಂದ ಏದುತ್ತ ಬರುವ ಬಸ್ಸುಗಳು. ಪೆಟ್ರೋಲ್ ಉಳಿಯುತ್ತದೆಂಬ ನಂಬಿಕೆಯಲ್ಲಿ ಗೇರು ನ್ಯೂಟ್ರಲ್. ವೇಗ 30 ದಾಟದಂತೆ ಬ್ರೇಕಿನ ಮೇಲೆ ಕಾಲು ಹೆಚ್ಚುಕಡಿಮೆ ಇಟ್ಟೇ ಇದೆ. ಇಳಿಯುತ್ತ ಎರಡು ಸಲ ಏನೋ ಸುಟ್ಟ ವಾಸನೆ ಬಂತು. ಎದುರಿನ ಲಾರಿಯದ್ದಿರಬೇಕು ಎಂದುಕೊಂಡು ಮುಂದುವರಿದರು.

ಅರ್ಧ ದಾರಿಯಲ್ಲಿ, ಬಂಡೆಯಿಂದ ನೀರಿಳಿಯುವ ಕಡೆ ಕಾರು ನಿಲ್ಲಿಸಿ ಹನ್ನೆರಡು ನಿಮಿಷ ಫೋಟೋ ತೆಗೆದರು. ನಿಂತಾಗ ಬ್ರೇಕ್ ಹಿಡಿದಿತ್ತು. ಹೊರಟ ಮೇಲಿನ ಮೊದಲ ತಿರುವಿನಲ್ಲಿ ಹಿಡಿಯಲಿಲ್ಲ.

ಆ ಹದಿನೈದು ಸೆಕೆಂಡು

ವೇಗ ಸುಮಾರು 30. ತಿರುವಿಗೆ ಮುನ್ನ ಒತ್ತಿದ ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಒಂದೇ ಒತ್ತಿಗೆ ನೆಲಕ್ಕೆ ಹೋಯಿತು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಬ್ರೇಕ್ ದೀಪ ಉರಿಯಲಿಲ್ಲ. ಎಬಿಎಸ್ ದೀಪವೂ ಇಲ್ಲ.

ಗಂಟೆಗೆ 30 ಕಿ.ಮೀ. ಎಂದರೆ ಸೆಕೆಂಡಿಗೆ ಎಂಟು ಮೀಟರಿಗಿಂತ ಸ್ವಲ್ಪ ಹೆಚ್ಚು. ನೂರು ಮೀಟರಿಗೆ ಏಳು ಮೀಟರ್ ಇಳಿಯುವ ರಸ್ತೆಯಲ್ಲಿ, ನ್ಯೂಟ್ರಲ್‌ನಲ್ಲಿ, ಬ್ರೇಕ್ ಇಲ್ಲದ ಕಾರು ಐದೇ ಸೆಕೆಂಡಿನಲ್ಲಿ 30ರಿಂದ 40 ಮುಟ್ಟುತ್ತದೆ. ಓಡಿಸುತ್ತಿದ್ದವರು ಮೊದಲ ಎರಡು ಮೂರು ಸೆಕೆಂಡು ನೆಲ ಮುಟ್ಟಿದ ಪೆಡಲನ್ನು ಇನ್ನೂ ಬಲವಾಗಿ ತುಳಿಯುವುದರಲ್ಲೇ ಕಳೆದರು. ಬಹುತೇಕ ಎಲ್ಲರೂ ಮಾಡುವುದೇ ಇದು. ನೆಲ ಮುಟ್ಟಿದ ಪೆಡಲನ್ನು ಎಷ್ಟು ಒತ್ತಿದರೂ ಏನೂ ಸಿಗುವುದಿಲ್ಲ. ಕಾಲು ಪೂರ್ತಿ ಎತ್ತಿ ಮತ್ತೆ ತುಳಿಯಬೇಕು, ಬೇಗ ಬೇಗ, ನಾಲ್ಕೈದು ಸಲ. ಪ್ರತಿ ಎತ್ತಿಗೆ ಡಬ್ಬಿಯಿಂದ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ದೂಡುವ ಕೊಳವೆ) ಒಂದಿಷ್ಟು ಆಯಿಲ್ ಬರುತ್ತದೆ, ಪ್ರತಿ ತುಳಿತಕ್ಕೆ ಅದು ಪೈಪಿಗೆ ಸೇರುತ್ತದೆ. ಕಾದು ಕುದಿದ ಆಯಿಲಿನಿಂದ ಒಳಗೆ ಹುಟ್ಟಿದ ಆವಿ ಅಷ್ಟಷ್ಟಾಗಿ ಕುಗ್ಗಿ, ಪ್ಯಾಡನ್ನು ದೂಡುವ ಪಿಸ್ಟನ್ನಿಗೆ ಸ್ವಲ್ಪವಾದರೂ ಒತ್ತಡ ತಲುಪುತ್ತದೆ.

ಪಕ್ಕದಲ್ಲಿದ್ದವರು "ಕೀ ಆಫ್ ಮಾಡು" ಎಂದು ಕೂಗಿದರು. ಪುಣ್ಯಕ್ಕೆ ಮಾಡಲಿಲ್ಲ. ಕೀ ತಿರುಗಿಸಿದರೆ ಪವರ್ ಸ್ಟೀರಿಂಗ್ ಹೋಗುತ್ತದೆ, ಎಂಜಿನ್ನಿನ ನಿರ್ವಾತದಿಂದ ಪೆಡಲಿನ ಬಲ ಹೆಚ್ಚಿಸುವ ಬೂಸ್ಟರಿಗೆ ಆ ನಿರ್ವಾತ ಸಿಗುವುದು ನಿಲ್ಲುತ್ತದೆ, ಕೀ ಕೊನೆಯವರೆಗೆ ತಿರುಗಿದರೆ ಸ್ಟೀರಿಂಗ್ ಲಾಕ್ ಆಗಲೂಬಹುದು. ಗೇರಿನಲ್ಲಿಲ್ಲದ ಎಂಜಿನ್ನನ್ನು ಆರಿಸಿದರೆ ಕಾರೇನೂ ನಿಧಾನವಾಗುವುದಿಲ್ಲ.

ನಾಲ್ಕನೇ ತುಳಿತಕ್ಕೆ ಸ್ವಲ್ಪ ಹಿಡಿತ ಸಿಕ್ಕಿತು. ಕ್ಲಚ್ ಒತ್ತಿ ಎರಡನೇ ಗೇರಿಗೆ ಹಾಕಿದಾಗ ಎಂಜಿನ್ ಅರಚಿ ಕಾರು ಜಗ್ಗಿತು. 40ರ ವೇಗದಲ್ಲಿ ಎರಡನೇ ಗೇರು ಎಂಜಿನ್ನಿಗೆ ಹಾನಿ ಮಾಡುವುದಿಲ್ಲ, ಸದ್ದಿಗೆ ಹೆದರಬೇಕಿಲ್ಲ. ಒಂದನೇ ಗೇರಿಗೆ 20ರ ಕೆಳಗೆ ಇಳಿದ ಮೇಲೆ ಹೋಗಬೇಕು. ಅದಕ್ಕೂ ಮೊದಲೇ ಒಂದನೇ ಗೇರು ಹುಡುಕಲು ಹೋಗಿ ಅದು ಬೀಳದೆ ನ್ಯೂಟ್ರಲ್‌ನಲ್ಲೇ ಉಳಿದುಬಿಡುವುದು ಇದಕ್ಕಿಂತ ದೊಡ್ಡ ಅಪಾಯ.

ಆಮೇಲೆ ಹ್ಯಾಂಡ್ ಬ್ರೇಕ್. ಇದು ತಂತಿಯಿಂದ ಹಿಂದಿನ ಶೂಗಳನ್ನು ಎಳೆಯುವಂಥದ್ದು, ಆಯಿಲಿಗೂ ಇದಕ್ಕೂ ಸಂಬಂಧವಿಲ್ಲ. ತುದಿಯ ಗುಂಡಿಯನ್ನು ಒತ್ತಿ ಹಿಡಿದು ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕು, ಹಿಂದಿನ ಚಕ್ರ ಜಾರಿದರೆ ಸಡಿಲಿಸಬೇಕು. ಗುಂಡಿ ಬಿಟ್ಟು ಒಮ್ಮೆಲೇ ಎಳೆದರೆ ಚಕ್ರ ಲಾಕ್ ಆಗಿ ಕಾರಿನ ಹಿಂಭಾಗ ಪಕ್ಕಕ್ಕೆ ತಿರುಗುತ್ತದೆ, ಒದ್ದೆ ತಿರುವಿನಲ್ಲಂತೂ ಖಂಡಿತ. ಈ ಕಾರಿನಲ್ಲಿ ಲಿವರ್ ಹತ್ತು ಕಟಕಟ ಸದ್ದಿನವರೆಗೆ ಮೇಲೆ ಬಂದರೂ ಹಿಡಿತ ಅಷ್ಟಕ್ಕಷ್ಟೇ ಇತ್ತು. ಅದಕ್ಕೆ ಕಾರಣ ಕಾರನ್ನು ಕಳಚಿದಾಗ ಸಿಕ್ಕಿತು.

ಕೊನೆಗೆ ಕಾರು ನಿಂತದ್ದು ಗುಡ್ಡದ ಬದಿಯ ಚರಂಡಿಯಲ್ಲಿ. ಎಡಕ್ಕೆ ಗುಡ್ಡ ಬಂದ ಕಡೆ ಎಡಗಡೆಯ ಚಕ್ರಗಳನ್ನು ಚರಂಡಿಗೆ ಇಳಿಸಿದರು. ಬಂಪರ್, ಒಂದು ರಿಮ್, ಬಾಗಿಲಿನ ಬಣ್ಣ ಹೋಯಿತು, ಜನ ಉಳಿದರು. ಗೇರು, ಹ್ಯಾಂಡ್ ಬ್ರೇಕ್ ಸೇರಿ 15–20ಕ್ಕೆ ಇಳಿಸಿದ ಕಾರನ್ನು ಮಣ್ಣಿನ ದಿಬ್ಬಕ್ಕೋ ಗುಡ್ಡದ ಬದಿಗೋ ಒರಗಿಸುವುದು ಸರಿಯಾದ ನಿರ್ಧಾರ. ಕಣಿವೆಯ ಬದಿಯ ತಡೆಗೋಡೆಯನ್ನು ನಂಬಿ ಅತ್ತ ಹೋಗಬಾರದು.

ನಿಂತ ಮೇಲೆ ಯಾರೋ ಬಾಟಲಿ ನೀರನ್ನು ಚಕ್ರಕ್ಕೆ ಸುರಿಯಲು ಬಂದರು. ಕಾದ ಎರಕದ ಕಬ್ಬಿಣದ ಡಿಸ್ಕಿನ ಮೇಲೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಗಾಳಿಗೆ ಬಿಟ್ಟು ಕಾಯುವುದೇ ಉಪಾಯ. ಕಾರನ್ನು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದೇ ಹೋಗಿ. ಘಾಟಿಯಲ್ಲಿ ಹಾಗೆ ಬಿಟ್ಟುಹೋದ ಕಲ್ಲಿಗೆ ರಾತ್ರಿ ಬೈಕಿನವರು ಬೀಳುತ್ತಾರೆ.

ಆಯಿಲ್ ಕುದಿಯುವುದು ಹೇಗೆ

ನಾವು "ಬ್ರೇಕ್ ಆಯಿಲ್" ಎಂದು ಕರೆಯುವುದು ಎಣ್ಣೆಯೇ ಅಲ್ಲ. ಸಾಮಾನ್ಯ ಕಾರುಗಳಲ್ಲಿರುವ, ಡಾಟ್ ಎಂಬ ದರ್ಜೆಯಿಂದ ಗುರುತಿಸುವ ಡಾಟ್ 3, ಡಾಟ್ 4, ಡಾಟ್ 5.1 ಎಲ್ಲವೂ ಗ್ಲೈಕಾಲ್ ಈಥರ್ ಜಾತಿಯ ದ್ರವಗಳು. ಇವು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಡಬ್ಬಿಯ ಮುಚ್ಚಳದ ಉಸಿರುಕಿಂಡಿಯಿಂದಲೂ ರಬ್ಬರ್ ಹೋಸಿನ ಗೋಡೆಯ ಮೂಲಕವೂ ನೀರು ನಿಧಾನವಾಗಿ ಒಳಗೆ ಸೇರುತ್ತದೆ. ಕರಾವಳಿಯ ಒದ್ದೆ ಗಾಳಿಯಲ್ಲಿ ಇದು ಬೇಗ.

ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಮಾನದಂಡದ ಇನ್ನೊಂದು ಅಂಕಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಶೇಕಡ 3.7ರಷ್ಟು ನೀರು ಸೇರಿದಾಗ ಡಾಟ್ 3ರ ಕನಿಷ್ಠ ಕುದಿಬಿಂದು 140ಕ್ಕೆ, ಡಾಟ್ 4ರದು 155ಕ್ಕೆ ಇಳಿಯುತ್ತದೆ. ನೂರು ಮಿ.ಲೀ.ಗೆ ನಾಲ್ಕು ಮಿ.ಲೀ.ಯೂ ಇಲ್ಲದ ನೀರು 65–75 ಡಿಗ್ರಿಯಷ್ಟು ರಕ್ಷಣೆಯನ್ನು ತಿಂದುಹಾಕುತ್ತದೆ. ಊರೊಳಗಿನ ಓಡಾಟದಲ್ಲಿ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗಿನ ಆಯಿಲ್ ನೂರು ಡಿಗ್ರಿಯ ಹತ್ತಿರ ಹೋಗುವುದೇ ಅಪರೂಪ. ಆದ್ದರಿಂದ ಹಳೆಯ ಆಯಿಲ್ ವರ್ಷಗಟ್ಟಲೆ ಯಾವ ಸುಳಿವೂ ಕೊಡದೆ ಕೆಲಸ ಮಾಡುತ್ತಿರುತ್ತದೆ. ಘಾಟಿಯಲ್ಲಿ ಮೊದಲ ಬಾರಿ ಅದಕ್ಕೆ ನಿಜವಾದ ಪರೀಕ್ಷೆ.

ಶಾಖ ಎಷ್ಟು ಎಂಬುದನ್ನು ಲೆಕ್ಕ ಹಾಕಬಹುದು. ಇಳಿತ 700 ಮೀಟರ್ ಎಂದಿಟ್ಟುಕೊಳ್ಳೋಣ. 1,250 ಕಿಲೋ ತೂಕ 700 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 86 ಲಕ್ಷ ಜೂಲ್. ಮೂರು ಲೀಟರ್ ತಣ್ಣೀರನ್ನು ಕುದಿಸಿ ಪೂರ್ತಿ ಆವಿ ಮಾಡಲು ಇಷ್ಟು ಸಾಕು. ಇದರಲ್ಲಿ ಹತ್ತಕ್ಕೆ ನಾಲ್ಕು ಪಾಲನ್ನು ಟೈರಿನ ಉರುಳುವಿಕೆ ಮತ್ತು ಗಾಳಿಯ ತಡೆ ನುಂಗುತ್ತವೆ ಎಂದರೂ ಸುಮಾರು 50 ಲಕ್ಷ ಜೂಲ್ ಉಳಿಯಿತು. ಗೇರಿನಲ್ಲಿದ್ದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ, ನ್ಯೂಟ್ರಲ್‌ನಲ್ಲಿದ್ದರೆ ಎಲ್ಲವೂ ಬ್ರೇಕಿಗೆ. ಬ್ರೇಕಿನ ಕೆಲಸದಲ್ಲಿ ಶೇಕಡ 70ರಷ್ಟು ಮುಂದಿನ ಚಕ್ರಗಳದ್ದು, ಅಂದರೆ ಒಂದೊಂದು ಮುಂದಿನ ಡಿಸ್ಕಿಗೆ 17 ಲಕ್ಷ ಜೂಲ್ ಚಿಲ್ಲರೆ. ಡಿಸ್ಕ್ ನಾಲ್ಕೂವರೆ ಕಿಲೋ ತೂಗಿದರೆ, ಗಾಳಿ ಸ್ವಲ್ಪವೂ ತಣಿಸದಿದ್ದರೆ, ಅದು 800 ಡಿಗ್ರಿಯಷ್ಟು ಕಾಯುತ್ತಿತ್ತು. ಗಾಳಿ ತಣಿಸುವುದರಿಂದ ಅಷ್ಟಕ್ಕೆ ಹೋಗುವುದಿಲ್ಲ. ಆದರೆ ಅರ್ಧ ದಾರಿಯಲ್ಲೇ ಡಿಸ್ಕ್ 250–300 ದಾಟಿದ್ದರೆ ಆಶ್ಚರ್ಯವಿಲ್ಲ.

ಈಗ ಫೋಟೋ ತೆಗೆದ ಹನ್ನೆರಡು ನಿಮಿಷಕ್ಕೆ ಬರೋಣ, ಈ ಪ್ರಕರಣದ ಕೀಲಿ ಅಲ್ಲಿದೆ. ಓಡುತ್ತಿರುವಾಗ ಡಿಸ್ಕಿನ ಶಾಖವನ್ನು ಗಾಳಿ ಒಯ್ಯುತ್ತಿರುತ್ತದೆ. ಕಾರು ನಿಂತ ಕೂಡಲೇ ಆ ಗಾಳಿ ನಿಲ್ಲುತ್ತದೆ. ಡಿಸ್ಕಿನಲ್ಲಿ ಕೂತಿರುವ ಶಾಖ ಪ್ಯಾಡಿಗೆ, ಪ್ಯಾಡಿನಿಂದ ಪಿಸ್ಟನ್ನಿಗೆ, ಪಿಸ್ಟನ್ನಿನ ಬೆನ್ನಿಗಿರುವ ಆಯಿಲಿಗೆ ಹರಿಯುತ್ತದೆ. ಡಿಸ್ಕ್ ತಣಿಯುತ್ತಿರುವಾಗಲೇ ಆಯಿಲ್ ಕಾಯುತ್ತಿರುತ್ತದೆ. ಆಯಿಲಿನ ತಾಪ ತುತ್ತತುದಿಗೇರುವುದು ನಿಂತ ಕೆಲವು ನಿಮಿಷಗಳ ಮೇಲೆ. ಕಾರು ನಿಲ್ಲುವಾಗ ಚೆನ್ನಾಗಿ ಹಿಡಿದ ಬ್ರೇಕ್ ಹೊರಟ ಮೇಲೆ ಕೈಕೊಡುವುದು ಇದರಿಂದಲೇ. "ಅಲ್ಲಿವರೆಗೆ ಸರಿ ಇತ್ತು, ನಿಲ್ಲಿಸಿ ಹೊರಟ ಮೇಲೆ ಹೋಯಿತು" ಎಂದು ಓಡಿಸಿದವರು ಹೇಳಿದರೆ ಗ್ಯಾರೇಜಿನವರ ಕಿವಿ ನೆಟ್ಟಗಾಗಬೇಕು.

ಆಯಿಲ್ ಕುದಿದು ಬರುವ ಆವಿ ಎಷ್ಟು ಬೇಕು? ಬಹಳ ಕಡಿಮೆ. ಸಣ್ಣ ಕಾರಿನ ಮಾಸ್ಟರ್ ಸಿಲಿಂಡರಿನ ಒಳವ್ಯಾಸ ಸುಮಾರು 20 ಮಿ.ಮೀ. ಪಿಸ್ಟನ್ 30 ಮಿ.ಮೀ. ಸರಿದರೆ ದೂಡುವ ಆಯಿಲ್ ಒಂಬತ್ತು ಹತ್ತು ಮಿ.ಲೀ. ಅಷ್ಟೇ. ಒಂದೇ ಒಂದು ಹನಿ ನೀರು ಆವಿಯಾದರೂ ಹೊರಗಿನ ಒತ್ತಡದಲ್ಲಿ ಹತ್ತಾರು ಮಿ.ಲೀ. ಜಾಗ ಹಿಡಿಯುತ್ತದೆ. ದ್ರವವನ್ನು ಒತ್ತಿದರೆ ಅದು ಕುಗ್ಗದೆ ಪಿಸ್ಟನ್ನನ್ನು ದೂಡುತ್ತದೆ. ಆವಿಯನ್ನು ಒತ್ತಿದರೆ ಅದು ತಾನೇ ಕುಗ್ಗುತ್ತದೆ. ಪೆಡಲಿನ ಓಟವೆಲ್ಲ ಆವಿ ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ತಣಿದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ, ಲೀಕ್ ಇಲ್ಲ, ಮಟ್ಟ ಕಡಿಮೆಯಾಗಿಲ್ಲ. ಡಬ್ಬಿಯ ಮಟ್ಟ ಇಳಿದಾಗ ಹೊತ್ತಿಕೊಳ್ಳುವ ಕೆಂಪು ದೀಪ ಹೊತ್ತದೇ ಇದ್ದುದೂ ಇದಕ್ಕೇ.

"ಎರಡು ಲೈನ್ ಇರುತ್ತದಲ್ಲ, ಒಂದು ಹೋದರೆ ಇನ್ನೊಂದು ಹಿಡಿಯಬೇಕಲ್ಲ?" ಎಂಬ ಪ್ರಶ್ನೆ ನ್ಯಾಯವಾದದ್ದು. ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಪಿಸ್ಟನ್ ಇದ್ದು, ಹೆಚ್ಚಿನ ಸಣ್ಣ ಕಾರುಗಳಲ್ಲಿ ಒಂದು ಲೈನ್ ಮುಂದಿನ ಎಡ ಮತ್ತು ಹಿಂದಿನ ಬಲ ಚಕ್ರಕ್ಕೆ, ಇನ್ನೊಂದು ಮುಂದಿನ ಬಲ ಮತ್ತು ಹಿಂದಿನ ಎಡಕ್ಕೆ ಹೋಗುತ್ತದೆ. ಪೈಪ್ ಒಡೆದರೆ ಈ ಏರ್ಪಾಡು ಜೀವ ಉಳಿಸುತ್ತದೆ, ಅರ್ಧ ಬ್ರೇಕ್ ಉಳಿದಿರುತ್ತದೆ. ಆದರೆ ಎರಡು ಲೈನಿನಲ್ಲೂ ಒಂದೊಂದು ಮುಂದಿನ ಕ್ಯಾಲಿಪರ್ ಇದೆ, ಎರಡೂ ಒಟ್ಟಿಗೇ ಕಾದಿವೆ, ಎರಡರಲ್ಲೂ ಒಂದೇ ಹಳೆಯ ಆಯಿಲ್ ಇದೆ. ಆದ್ದರಿಂದ ಕುದಿತದ ಮುಂದೆ ಜೋಡಿ ಲೈನ್ ನಿಲ್ಲುವುದಿಲ್ಲ. ಎಬಿಎಸ್‌ನಿಂದಲೂ ಉಪಯೋಗವಿಲ್ಲ. ಅದರ ಕೆಲಸ ಚಕ್ರ ಲಾಕ್ ಆಗದಂತೆ ಒತ್ತಡವನ್ನು ಬಿಟ್ಟು ಹಿಡಿಯುವುದು, ಇಲ್ಲಿ ಒತ್ತಡವೇ ಹುಟ್ಟಿಲ್ಲ.

ಕಳಚಿದಾಗ ಕಂಡದ್ದು

ಪರೀಕ್ಷೆಗೆ ಆಯಿಲನ್ನು ಡಬ್ಬಿಯಿಂದಲ್ಲ, ಮುಂದಿನ ಕ್ಯಾಲಿಪರಿನ ಬ್ಲೀಡ್ ನಿಪ್ಪಲಿನಿಂದ (ಆಯಿಲ್, ಗಾಳಿಯನ್ನು ಹೊರಬಿಡುವ ತಿರುಪು) ತೆಗೆಯಬೇಕು. ಕುದಿಯುವುದು ಅಲ್ಲಿ. ಡಬ್ಬಿಯಲ್ಲಿ ಮೊನ್ನೆ ಸುರಿದ ಹೊಸ ಆಯಿಲ್ ತೇಲುತ್ತಿರಬಹುದು. ಈ ಕಾರಿನ ಡಬ್ಬಿಯಲ್ಲಿ ಜೇನಿನ ಬಣ್ಣ, ನಿಪ್ಪಲಿನಿಂದ ಬಂದದ್ದು ಕಷಾಯದ ಕಪ್ಪು. ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡುವಂತಿಲ್ಲ, ತಿಳಿಯಾದ ಆಯಿಲಿನಲ್ಲೂ ನೀರಿರಬಹುದು. ಪೆನ್ನಿನಂಥ ಎಲ್‌ಇಡಿ ಟೆಸ್ಟರುಗಳು ವಿದ್ಯುತ್ ವಾಹಕತೆಯಿಂದ ಅಂದಾಜು ಹೇಳುತ್ತವೆ, ತಪ್ಪುವುದೂ ಉಂಟು. ಆಯಿಲನ್ನು ನಿಜವಾಗಿ ಕಾಯಿಸಿ ಕುದಿಬಿಂದು ತೋರಿಸುವ ಟೆಸ್ಟರೇ ನಂಬಿಕೆಗೆ ಅರ್ಹ. ಇಲ್ಲಿ ಅದು ತೋರಿಸಿದ್ದು 140ರ ಆಸುಪಾಸು. ಈ ಕಾರಿನ ಮುಚ್ಚಳದ ಮೇಲೆ ಬರೆದಿದ್ದುದು ಡಾಟ್ 4.

ಆಯಿಲ್ ಒಂದೇ ಅಪರಾಧಿಯಲ್ಲ. ಮುಂದಿನ ಬಲ ಚಕ್ರವನ್ನು ಜಾಕ್ ಹಾಕಿ ಎತ್ತಿ ಕೈಯಿಂದ ತಿರುಗಿಸಿದರೆ ಅದು ಉಜ್ಜಿಕೊಂಡು ಬಿಗಿಯಾಗಿ ತಿರುಗಿತು. ಕ್ಯಾಲಿಪರ್ ಎರಡು ಸ್ಲೈಡ್ ಪಿನ್ನುಗಳ ಮೇಲೆ ಅತ್ತಿತ್ತ ಸರಿಯಬೇಕು. ಕೆಳಗಿನ ಪಿನ್ನಿನ ರಬ್ಬರ್ ಬೂಟ್ ಹರಿದು, ನೀರು ಸೇರಿ, ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಒಳಗಿನ ಪ್ಯಾಡ್ 3 ಮಿ.ಮೀ. ಉಳಿದಿದೆ, ಹೊರಗಿನದು 7 ಮಿ.ಮೀ. ಕಾಲು ತೆಗೆದ ಮೇಲೂ ಪ್ಯಾಡ್ ಡಿಸ್ಕನ್ನು ಬಿಡುತ್ತಿರಲಿಲ್ಲ. ಆ ಡಿಸ್ಕಿನ ಮೈ ಮೇಲೆ ನೀಲಿ ಛಾಯೆ. ತೆಳುವಾದ ಪ್ಯಾಡ್ ಇನ್ನೊಂದು ರೀತಿಯಲ್ಲೂ ಕೆಡುಕು: ಪ್ಯಾಡಿನ ದಪ್ಪವೇ ಶಾಖ ಪಿಸ್ಟನ್ನಿಗೆ ಹೋಗದಂತೆ ತಡೆಯುವ ಗೋಡೆ, ಅದು ಸವೆದಷ್ಟೂ ಆಯಿಲ್ ಬೆಂಕಿಗೆ ಹತ್ತಿರ.

ಹಿಂದಿನ ಡ್ರಮ್ ಬಿಚ್ಚಿದಾಗ ಹ್ಯಾಂಡ್ ಬ್ರೇಕಿನ ಸಂಗತಿ ತಿಳಿಯಿತು. ಶೂ ಸವೆದಂತೆ ಅಂತರ ಸರಿಮಾಡಬೇಕಾದ ಆಟೋ ಅಡ್ಜಸ್ಟರ್ ಧೂಳು, ತುಕ್ಕಿನಿಂದ ಅಲುಗದೆ ಕೂತಿತ್ತು. ಶೂಗೂ ಡ್ರಮ್ಮಿಗೂ ನಡುವೆ ಜಾಗ ಜಾಸ್ತಿ. ಹೀಗಾಗಿ ಹ್ಯಾಂಡ್ ಬ್ರೇಕ್ ಸಡಿಲ, ಮಾಮೂಲಿ ದಿನದಲ್ಲೂ ಪೆಡಲಿನ ಓಟ ಉದ್ದ, ಹಿಂದಿನ ಬ್ರೇಕಿನ ಪಾಲೂ ಮುಂದಿನವುಗಳ ತಲೆಗೆ. ಒಂದೊಂದೇ ದೋಷ ಇದ್ದಿದ್ದರೆ ಬಹುಶಃ ಕಾರು ಘಾಟಿಯ ಕೆಳಗಿನ ಉಜಿರೆ ಮುಟ್ಟುತ್ತಿತ್ತು. ಹಳೆಯ ಆಯಿಲ್, ಕಚ್ಚಿದ ಪಿನ್, ಸಡಿಲ ಶೂ, ತುಂಬಿದ ಹೊರೆ, ನ್ಯೂಟ್ರಲ್ ಇವೆಲ್ಲ ಒಂದೇ ತಿರುವಿನಲ್ಲಿ ಸೇರಿದವು.

ಬೇರೆ ಪೆಡಲ್, ಬೇರೆ ರೋಗ

"ಬ್ರೇಕ್ ಫೇಲ್" ಎಂಬ ಒಂದೇ ಮಾತಿನಲ್ಲಿ ಓಡಿಸುವವರು ಕನಿಷ್ಠ ಐದು ಬೇರೆ ಬೇರೆ ಅನುಭವಗಳನ್ನು ಹೇಳುತ್ತಾರೆ. ಪಾದಕ್ಕೆ ಏನು ಗೊತ್ತಾಯಿತು ಎಂದು ಕೇಳದೆ ಸ್ಪ್ಯಾನರ್ ಹಿಡಿಯುವುದು ವ್ಯರ್ಥ.

ಪೆಡಲ್ ಕಲ್ಲಿನಂತೆ ಗಟ್ಟಿ, ಒತ್ತಿದರೂ ಸರಿಯುವುದಿಲ್ಲ, ಕಾರು ನಿಧಾನವಾಗಲು ಇಡೀ ದೇಹದ ಬಲ ಬೇಕು ಎಂದರೆ ಬೂಸ್ಟರಿಗೆ ನಿರ್ವಾತ ಸಿಗುತ್ತಿಲ್ಲ. ಎಂಜಿನ್ ಆಫ್ ಆಗಿರಬಹುದು, ನಿರ್ವಾತದ ಹೋಸ್ ಬಿರುಕು ಬಿಟ್ಟಿರಬಹುದು, ಅದರ ಒನ್‌ವೇ ವಾಲ್ವ್ ಕೆಟ್ಟಿರಬಹುದು. 2023ರ ಏಪ್ರಿಲ್‌ನಲ್ಲಿ ಮಾರುತಿ ಸುಜುಕಿ 7,213 ಬಲೆನೋ ಆರ್‌ಎಸ್ ಕಾರುಗಳನ್ನು ಹಿಂದಕ್ಕೆ ಕರೆಸಿದ್ದು ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನ ಸಂಭವನೀಯ ದೋಷಕ್ಕೆ. ಪೆಡಲಿಗೆ ಹೆಚ್ಚು ಬಲ ಬೇಕಾಗಬಹುದು ಎಂದೇ ಅದರಲ್ಲಿ ಹೇಳಿತ್ತು. ಮನೆಯಲ್ಲೇ ನೋಡಬಹುದು: ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ತುಳಿದು, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಇಳಿಯುವವರಿಗೆ ಬೂಸ್ಟರ್ ಎರಡು ಮೂರು ತುಳಿತದ ಸಾಲವನ್ನಷ್ಟೇ ಕೊಡುತ್ತದೆ.

ಸಿಗ್ನಲ್ಲಿನಲ್ಲಿ ನಿಂತು ಹದವಾಗಿ ಒತ್ತಿ ಹಿಡಿದಾಗ ಪೆಡಲ್ ಮೆಲ್ಲಗೆ ಕೆಳಗೆ ಜಾರುತ್ತದೆ, ಹೊರಗೆಲ್ಲೂ ಲೀಕ್ ಇಲ್ಲ ಎಂದರೆ ಮಾಸ್ಟರ್ ಸಿಲಿಂಡರಿನೊಳಗಿನ ಸೀಲ್ ಸವೆದು ಆಯಿಲ್ ಹಿಂದಕ್ಕೆ ನುಸುಳುತ್ತಿದೆ. ಇದು ತಣ್ಣಗಿರುವಾಗಲೂ ಕಾಣುತ್ತದೆ. ಮೂವತ್ತು ಸೆಕೆಂಡು ಹಿಡಿದು ನೋಡಿದರೆ ಸಾಕು.

ಪೆಡಲ್ ಎಂದಿನ ಎತ್ತರದಲ್ಲಿ, ಎಂದಿನ ಗಟ್ಟಿತನದಲ್ಲೇ ಇದೆ, ಆದರೂ ಕಾರು ನಿಲ್ಲುತ್ತಿಲ್ಲ, ಸುಟ್ಟ ವಾಸನೆ ಇದೆ ಎಂದರೆ ಆಯಿಲ್ ಸರಿ ಇದೆ, ಅತಿಯಾಗಿ ಕಾದ ಪ್ಯಾಡಿನ ಘರ್ಷಣೆ ಇಳಿದಿದೆ. ಕಡಿಮೆ ದರ್ಜೆಯ ನಕಲಿ ಪ್ಯಾಡುಗಳಲ್ಲಿ ಇದು ಬೇಗ ಬರುತ್ತದೆ. ಪೆಡಲ್ ಒಮ್ಮೆಲೇ ಅರ್ಧಕ್ಕೆ ಇಳಿದು, ಕಾರು ಒಂದು ಬದಿಗೆ ಎಳೆದು, ಕೆಂಪು ದೀಪ ಹೊತ್ತಿದರೆ ಒಂದು ಲೈನ್ ಸೋರಿದೆ. ಚಕ್ರದ ಒಳಮೈಯಲ್ಲಿ ಒದ್ದೆ ಹುಡುಕಿ. ಇನ್ನು ಪೆಡಲ್ ಕೆಳಗೆ ಹೋಗಲೇ ಇಲ್ಲ ಎಂದವರ ಕಾರಿನಲ್ಲಿ ಮೊದಲು ನೋಡಬೇಕಾದ್ದು ಪೆಡಲಿನ ಹಿಂದೆ ಉರುಳಿದ ನೀರಿನ ಬಾಟಲಿ, ಮಡಚಿದ ಮ್ಯಾಟ್. 2022ರಲ್ಲಿ ವ್ಯಾಗನ್ ಆರ್, ಸೆಲೆರಿಯೊ, ಇಗ್ನಿಸ್ ಸೇರಿ 9,925 ಕಾರುಗಳು ಹಿಂದಿನ ಬ್ರೇಕಿನ ಒಂದು ಪಿನ್ನಿಗಾಗಿ ಹಿಂದಕ್ಕೆ ಹೋದವು. ಅದರ ಮುನ್ಸೂಚನೆ ವಿಚಿತ್ರ ಸದ್ದು. ಚಾಸಿ ಸಂಖ್ಯೆ ಹಾಕಿ ಕಂಪನಿಯ ಜಾಲತಾಣದಲ್ಲಿ ತಮ್ಮ ಕಾರು ಇಂಥ ಪಟ್ಟಿಯಲ್ಲಿದೆಯೇ ಎಂದು ನೋಡಲು ಐದು ನಿಮಿಷ ಸಾಕು.

ರಿಪೇರಿ

ಆಯಿಲ್ ಪೂರ್ತಿ ಬದಲಾವಣೆ, ಟಾಪ್‌ಅಪ್ ಅಲ್ಲ. ಸೀಲ್ ಒಡೆಯದ ಒಂದು ಲೀಟರ್ ಬಾಟಲಿ ಸಣ್ಣ ಕಾರಿಗೆ ಸಾಕು. ಅರ್ಧ ಉಳಿದು ವರ್ಷವಾದ ಬಾಟಲಿ ಬೇಡ, ಅದೂ ನೀರು ಕುಡಿದಿರುತ್ತದೆ. ಮುಚ್ಚಳದ ಮೇಲಿನ ಡಾಟ್ ಸಂಖ್ಯೆಯನ್ನೇ ಹಾಕಿ. ಡಾಟ್ 5 ಸಿಲಿಕೋನ್ ಆಧಾರಿತ, ಅದನ್ನು ಇವುಗಳ ಜೊತೆ ಬೆರೆಸಬಾರದು. ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ತಪ್ಪಿ ಸುರಿದರೆ ರಬ್ಬರ್ ಸೀಲುಗಳೆಲ್ಲ ಉಬ್ಬಿ ಕೆಡುತ್ತವೆ, ಆಮೇಲೆ ಇಡೀ ವ್ಯವಸ್ಥೆಯ ಸೀಲುಗಳನ್ನು ಬದಲಾಯಿಸಬೇಕಾಗುತ್ತದೆ.

ಮೊದಲು ಡಬ್ಬಿಯ ಹಳೆಯ ಆಯಿಲನ್ನು ಸಿರಿಂಜಿನಿಂದ ಎಳೆದು ಹೊಸದು ತುಂಬಿ. ನಂತರ ಕೈಪಿಡಿ ಹೇಳಿದ ಕ್ರಮದಲ್ಲಿ ಒಂದೊಂದೇ ಚಕ್ರ. ನಿಪ್ಪಲಿಗೆ ಪಾರದರ್ಶಕ ಟ್ಯೂಬ್ ಹಾಕಿ ಅದರ ತುದಿಯನ್ನು ಆಯಿಲಿರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಮತ್ತೆ ಮುಚ್ಚಬೇಕು, ಮುಚ್ಚಿದ ಮೇಲೆಯೇ ಕಾಲೆತ್ತಬೇಕು. ಗುಳ್ಳೆ ನಿಂತು ಹೊಸ ಬಣ್ಣ ಬರುವವರೆಗೆ ಇದೇ. ಡಬ್ಬಿಯ ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿಳಿದರೆ ಗಾಳಿ ಒಳಹೊಕ್ಕು ಎಲ್ಲ ಮೊದಲಿನಿಂದ ಶುರು. ಹಳೆಯ ಕಾರಿನಲ್ಲಿ ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟುಕೊಳ್ಳಿ. ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗಕ್ಕೆ ಪಿಸ್ಟನ್ ಸಾಮಾನ್ಯವಾಗಿ ಹೋಗುವುದೇ ಇಲ್ಲ, ಅಲ್ಲಿ ತುಕ್ಕು, ಕಸ ಕೂತಿರುತ್ತದೆ. ಹೀಗೆ ಹಳೆಯ ಆಯಿಲ್, ಗಾಳಿ ಹೊರಹಾಕುವಾಗ (ಬ್ಲೀಡಿಂಗ್) ಪೂರ್ತಿ ನೆಲಕ್ಕೆ ತುಳಿದರೆ ಸೀಲ್ ಅದರ ಮೇಲೆ ಉಜ್ಜಿ ಹರಿಯುತ್ತದೆ. ಆಯಿಲ್ ಬದಲಾಯಿಸಿದ ವಾರದೊಳಗೆ ಪೆಡಲ್ ಜಾರತೊಡಗುವ ಕಾರುಗಳಲ್ಲಿ ಇದೇ ಕಾರಣ ಇರುವುದುಂಟು. ಇದೇ ಕಾರಣಕ್ಕೆ, ಘಾಟಿಯಲ್ಲಿ ಪೆಡಲ್ ನೆಲ ಮುಟ್ಟಿಸಿದ ಈ ಕಾರಿನ ಮಾಸ್ಟರ್ ಸಿಲಿಂಡರನ್ನೂ ಮೂವತ್ತು ಸೆಕೆಂಡಿನ ಪರೀಕ್ಷೆಗೆ ಒಡ್ಡಲೇಬೇಕು. ಎಬಿಎಸ್ ಘಟಕದೊಳಗೆ ಗಾಳಿ ಸಿಕ್ಕಿಕೊಂಡರೆ ಸ್ಕ್ಯಾನರಿನಿಂದ ಅದರ ಪಂಪ್ ಓಡಿಸಿ ತೆಗೆಯಬೇಕಾಗುತ್ತದೆ. ಬಣ್ಣದ ಮೇಲೆ ಬ್ರೇಕ್ ಆಯಿಲ್ ಬಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ.

ಕಚ್ಚಿದ ಪಿನ್, ಬೂಟ್ ಎರಡೂ ಹೊಸದು. ಪಿನ್ನಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಬೂಟ್ ಉಬ್ಬಿ ಪಿನ್ ಮತ್ತೆ ಕಚ್ಚುತ್ತದೆ. ಅತಿಯಾಗಿ ಕಾದ ಕ್ಯಾಲಿಪರಿನ ಪಿಸ್ಟನ್ ಸೀಲ್ ಮತ್ತು ಧೂಳಿನ ಬೂಟನ್ನು ಬಿಚ್ಚಿ ನೋಡಿ. ಮುಂದಿನ ಪ್ಯಾಡ್ ಎರಡೂ ಕಡೆ ಒಟ್ಟಿಗೇ ಬದಲಾಗಬೇಕು. ಡಿಸ್ಕಿನ ದಪ್ಪವನ್ನು ಅದರ ಮೇಲೆ ಅಚ್ಚೊತ್ತಿರುವ ಕನಿಷ್ಠ ಅಳತೆಗೆ ಹೋಲಿಸಿ. ಹಿಂದಿನ ಅಡ್ಜಸ್ಟರ್ ಬಿಡಿಸಿ ಶುಚಿ ಮಾಡಿ ಶೂ ಸರಿಹೊಂದಿಸಿದ ಮೇಲೆಯೇ ಹ್ಯಾಂಡ್ ಬ್ರೇಕಿನ ತಂತಿ ಬಿಗಿ ಮಾಡಬೇಕು. ಶೂ ಸಡಿಲವಿರುವಾಗ ತಂತಿಯನ್ನಷ್ಟೇ ಬಿಗಿದರೆ ಲಿವರ್ ಸರಿಯಾದಂತೆ ಕಾಣುತ್ತದೆ, ರೋಗ ಹಾಗೇ ಉಳಿಯುತ್ತದೆ.

ಇದಾದ ಮೇಲೆ ಆಯಿಲ್ ಬದಲಾವಣೆಯ ಗಡುವು: ಹಲವು ಕೈಪಿಡಿಗಳಲ್ಲಿ 2 ವರ್ಷ ಎಂದಿದೆ, ಓಡಿದ ಕಿಲೋಮೀಟರ್ ಕಡಿಮೆಯಿದ್ದರೂ ಅಷ್ಟೇ. ಕರಾವಳಿಯ, ಮಲೆನಾಡಿನ ಕಾರುಗಳು ಇದನ್ನು ಮುಂದೂಡಬಾರದು. ಸರ್ವಿಸ್ ಬಿಲ್ಲಿನಲ್ಲಿ "ಟಾಪ್‌ಅಪ್" ಎಂದಿದೆಯೋ "ಬದಲಾವಣೆ" ಎಂದಿದೆಯೋ ಓದಿ ನೋಡಿ.

ಮತ್ತೆ ಘಾಟಿಗೆ

ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಯುತ್ತದೆ ಎಂಬುದು ಕಾರ್ಬುರೇಟರ್ ಕಾಲದ ಮಾತು. ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರುಗಳು ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇರಲು ಸ್ವಲ್ಪ ಸುಡುತ್ತಲೇ ಇರಬೇಕು. ಅಂದರೆ ಎರಡನೇ ಗೇರಿನಲ್ಲಿ ಇಳಿಯುವುದೇ ಅಗ್ಗ. ಎಎಂಟಿ (ಕ್ಲಚ್, ಗೇರನ್ನು ಯಂತ್ರವೇ ಬದಲಿಸುವ ಬಗೆ) ಅಥವಾ ಆಟೋಮ್ಯಾಟಿಕ್ ಕಾರಿನಲ್ಲಿ ಡಿ ಯಲ್ಲಿಟ್ಟು ಬ್ರೇಕ್ ಒತ್ತುತ್ತ ಇಳಿಯಬೇಡಿ, ಅದು ಮೇಲಿನ ಗೇರಿಗೆ ಜಾರುತ್ತದೆ. ಮ್ಯಾನುಯಲ್ ಮೋಡಿಗೋ ಎಲ್ ಗೋ ಹಾಕಿ ಎರಡರಲ್ಲಿ ನಿಲ್ಲಿಸಿ.

ಹತ್ತುವಾಗ ಬೇಕಾಗುವ ಗೇರಿನಲ್ಲೇ ಇಳಿಯಿರಿ, ಇಳಿತ ಶುರುವಾಗುವ ಮೊದಲೇ ಆ ಗೇರಿಗೆ ಬನ್ನಿ. ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಇರುವ ಬದಲು, ವೇಗ 35ಕ್ಕೆ ಏರಿದಾಗ ಗಟ್ಟಿಯಾಗಿ ಒತ್ತಿ 25ಕ್ಕೆ ಇಳಿಸಿ ಪೂರ್ತಿ ಬಿಡಿ. ಬಿಟ್ಟ ಹೊತ್ತಿನಲ್ಲಿ ಡಿಸ್ಕ್ ತಣಿಯುತ್ತದೆ. ಸುಟ್ಟ ವಾಸನೆ ಬಂದರೆ ಅದು ಎದುರಿನ ಲಾರಿಯದ್ದಲ್ಲ, ನಿಮ್ಮದೇ ಎಂದು ಮೊದಲು ತಿಳಿಯಿರಿ. ಹಾಗೆ ಕಾದ ಮೇಲೆ ನಿಲ್ಲಿಸಿದರೆ ಅರ್ಧ ಗಂಟೆಗಿಂತ ಮೊದಲು ಹೊರಡಬೇಡಿ. ಹತ್ತು ಹನ್ನೆರಡು ನಿಮಿಷದ ನಿಲುಗಡೆ ಎಲ್ಲಕ್ಕಿಂತ ಕೆಟ್ಟದ್ದು. ಹೊರಡುವ ಮುನ್ನ ಎಂಜಿನ್ ಚಾಲೂ ಮಾಡಿ, ನಿಂತಲ್ಲೇ ಪೆಡಲ್ ಒತ್ತಿ ನೋಡಿ, ಒಂದು ಮೀಟರ್ ಉರುಳಿಸಿ ಮತ್ತೆ ಒತ್ತಿ.

ಆ ಕುಟುಂಬ ಮುಕ್ಕಾಲು ಗಂಟೆ ಬಿಟ್ಟು ಅದೇ ಕಾರಿನಲ್ಲಿ ಎರಡನೇ ಗೇರಿನಲ್ಲಿ ಉಜಿರೆಗೆ ಇಳಿಯಿತು. ಅದು ತಪ್ಪು ನಿರ್ಧಾರ. ಒಮ್ಮೆ ಕುದಿದ ಆಯಿಲ್ ಮತ್ತೆ ಅದೇ ತಾಪಕ್ಕೆ ಕುದಿಯುತ್ತದೆ, ಕಚ್ಚಿದ ಪಿನ್ ಕಚ್ಚಿಕೊಂಡೇ ಇತ್ತು. ನಾಲ್ವರನ್ನು ಬಸ್ಸಿಗೆ ಹತ್ತಿಸಿ ಕಾರನ್ನು ಟೋಯಿಂಗ್ ಲಾರಿಯ ಮೇಲೆ ಹೇರಿಸಬೇಕಿತ್ತು.

ರಿಪೇರಿ ಆದ ಮೇಲೆ ಕೊನೆಯ ಪರೀಕ್ಷೆ ರಸ್ತೆಯಲ್ಲೇ. ಒಬ್ಬರೇ ಕೂತು, ಹಗಲಿನಲ್ಲಿ, ಸಣ್ಣದೊಂದು ಇಳಿಜಾರನ್ನು ಎರಡನೇ ಗೇರಿನಲ್ಲಿ ಇಳಿದು, ಸಮತಟ್ಟಾದ ಕಡೆ ನಿಲ್ಲಿಸಿ. ಕೈಯಿಂದ ಮುಟ್ಟದೆ, ಶಾಖ ಅಳೆಯುವ ಗನ್ನಿನಿಂದ ಮುಂದಿನ ಎರಡೂ ಡಿಸ್ಕುಗಳನ್ನು ನೋಡಿ. ಎರಡರ ನಡುವೆ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸ ಸಹಜ. ಒಂದು ನೂರು, ಇನ್ನೊಂದು ನೂರೈವತ್ತು ತೋರಿಸಿದರೆ ಆ ಚಕ್ರದ ಪಿನ್ ಅಥವಾ ಪಿಸ್ಟನ್ ಇನ್ನೂ ಹಿಡಿದಿದೆ, ಕಾರು ಮತ್ತೆ ಜಾಕಿನ ಮೇಲೆ ಹೋಗಬೇಕು. ಅಷ್ಟು ವ್ಯತ್ಯಾಸ ಇಲ್ಲದಿದ್ದರೆ ಎಂಜಿನ್ ಚಾಲೂ ಇಟ್ಟು ಹತ್ತು ನಿಮಿಷ ಅಲ್ಲೇ ನಿಂತು, ಪೆಡಲ್ ಒತ್ತಿ ಮೂವತ್ತರವರೆಗೆ ಎಣಿಸಿ, ಅದು ಜಾರಬಾರದು.